ಹೊಟ್ಟೆಗುಡಿಕೆ ಹೊತ್ತ ಗಂಡ

ನನ್ನ ಗಂಡ ಬಸುರಾದ ಸುದ್ದಿ ಊರಿಗೆಲ್ಲ ಗೊತ್ತಾದ ಮೇಲೆ ನನಗೆ ಗೊತ್ತಾಯಿತು. ನಾನು ಕಡಲ ಬದಿಯ ಕಣದಲ್ಲಿ ಒಣಮೀನು ಮಗುಚಿ ಹಾಕುತ್ತಿದ್ದೆ. ನೆರೆಮನೆಯ ಪೌಲು ಏದುಸಿರು ಬಿಡುತ್ತಾ ಬಂದು, "ಗುಲಾಬಿ, ಬೇಗ ಮನೆಗೆ ಹೋಗು ಮಾರಾಯ್ತಿ. ಶೀನನಿಗೆ ಕುಡಿಕೆ ಕಟ್ತಾ ಇದ್ದಾರೆ" ಅಂದ. ಮಾತಿನಲ್ಲೇನೋ ಮರುಕವಿತ್ತು, ಆದರೆ ಮುಖದ ಮೇಲಿನ ಖುಷಿಯನ್ನು ಅಡಗಿಸಲು ಅವನಿಂದ ಆಗಿರಲಿಲ್ಲ. ಎರಡು ವರ್ಷದ ಹಿಂದೆ ಅವನೂ ಕುಡಿಕೆ ಹೊತ್ತವನು. ಆಗ ಅವನನ್ನು ನೋಡಿ ಎಲ್ಲರಿಗಿಂತ ಜೋರಾಗಿ ನಕ್ಕವರು ನನ್ನ ಗಂಡನೇ.

ಹೊರಗಿನವರಿಗೆ ಇದು ತಮಾಷೆಯಾಗಿ ಕೇಳಿಸೀತು, ನಮ್ಮಲ್ಲಿ ಮಾಮೂಲು. ನಮ್ಮೂರಿನ ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ ಜೋಮು ತೊರಕೆ ಎಂಬ ಮೀನು ಉಂಟು. ಚಪ್ಪಟೆ, ದುಂಡಗೆ, ಮರಳಿನದೇ ಬಣ್ಣ. ಮುಟ್ಟಿದರೆ ಮೊಣಕೈವರೆಗೆ ಕರೆಂಟು ಹೊಡೆದಂತಾಗಿ ಕೈ ಜೋಮು ಹಿಡಿಯುತ್ತದೆ. ಇದರಲ್ಲಿ ಹೆಣ್ಣೇ ದೊಡ್ಡದು, ಗಂಡು ಅದರ ಅರ್ಧಕ್ಕೂ ಬಾರದು. ಎಲ್ಲ ಮೀನಿನ ಹಾಗೆ ನೀರಲ್ಲಿ ಮೊಟ್ಟೆ ಚೆಲ್ಲಿ ಹೋಗುವ ಜಾತಿಯಲ್ಲ ಇದು. ಮರಿಗಳನ್ನು ಹೊಟ್ಟೆಯೊಳಗೇ ಇಟ್ಟುಕೊಂಡು, ನಮ್ಮ ಹಾಗೇ ತಿಂಗಳುಗಟ್ಟಲೆ ಹೊತ್ತು ಹೆರುತ್ತದೆ. ಬಸುರಿ ತೊರಕೆಗಳು ಆಳ ಬಿಟ್ಟು ಅಳಿವೆಯ ಬೆಚ್ಚಗಿನ ತೆಳುನೀರಿಗೆ ಬಂದು, ಕಣ್ಣೆರಡನ್ನು ಮಾತ್ರ ಹೊರಗಿಟ್ಟು, ಮರಳಲ್ಲಿ ಹೂತುಕೊಂಡು ಮಲಗುತ್ತವೆ. ಅವನ್ನು ನೀರಿನಿಂದ ಎತ್ತಬಾರದು. ಎತ್ತಿದರೆ ಹೆದರಿ, ಹೊಟ್ಟೆಯಲ್ಲಿದ್ದ ಎಳೆ ಮರಿಗಳನ್ನೆಲ್ಲ ಅಲ್ಲೇ ಉದುರಿಸಿಬಿಡುತ್ತವೆ.

ಯಾರ ಬಲೆಯಿಂದ ಉದುರಿತೋ ಅವನೇ ಉಳಿದ ತಿಂಗಳುಗಳನ್ನು ಹೊರಬೇಕು. ನಮ್ಮೂರಿನ ಕಟ್ಟಳೆ ಅಷ್ಟೇ. ಅಗಲ ಬಾಯಿಯ ಮಣ್ಣಿನ ಕುಡಿಕೆಗೆ ಅಳಿವೆಯ ನೀರು ತುಂಬಿ, ಮರಿಗಳನ್ನು ಬಿಟ್ಟು, ಬಾಯಿಗೆ ತೆಳುಬಟ್ಟೆ ಬಿಗಿದು, ಅವನ ಹೊಟ್ಟೆಗೆ ಪಂಚೆಯಿಂದ ಕಟ್ಟುತ್ತಾರೆ. ಇದೇ ಹೊಟ್ಟೆಗುಡಿಕೆ. ಒಲೆಯ ಬದಿಯಲ್ಲಿಟ್ಟರೆ ಮರಿ ಬದುಕುವುದಿಲ್ಲ, ಬಿಸಿಲಿಗಿಟ್ಟರೂ ಬದುಕುವುದಿಲ್ಲ. ಮನುಷ್ಯನ ಹೊಟ್ಟೆಯೇ ಆಗಬೇಕು. ತೊರಕೆ ಮರಿಗೆ ಜೋಮು ಬರುವುದು ತಾಯಿಯ ಹೊಟ್ಟೆಯೊಳಗೇ, ಹುಟ್ಟುವಾಗಲೇ ಅದು ಹೊಡೆಯಲು ತಯಾರಾಗಿರುತ್ತದೆ. ಆದ್ದರಿಂದ ಕುಡಿಕೆಯೊಳಗಿನ ಮರಿ ಯಾವತ್ತು ಮೊದಲ ಜೋಮು ಹೊಡೆಯಿತೋ ಅವತ್ತು ಹೊತ್ತವನು ಹೆತ್ತ ಹಾಗೆ. ಆಮೇಲೆ ಅದನ್ನು ಅಳಿವೆಗೆ ಬಿಡುವುದು. ಹೀಗೆ ಹೆತ್ತ ಗಂಡಸರು ಸಂಜೆ ಹೊತ್ತು ಕೂರಲು ದೋಣಿ ಕಟ್ಟುವಲ್ಲಿ ಒಂದು ಕಟ್ಟೆಯೇ ಉಂಟು, ಹೆತ್ತವರ ಕಟ್ಟೆ. ಅಲ್ಲಿ ಅವರು ತಮ್ಮ ತಮ್ಮ ಬಸುರಿನ ಕಥೆ ಹೇಳಿಕೊಳ್ಳುವುದನ್ನು ಕೇಳಿದರೆ, ಹೆಂಗಸರಾದ ನಮಗೆ ಏನೂ ಗೊತ್ತೇ ಇಲ್ಲವೇನೋ ಎನ್ನಿಸಬೇಕು.

ನಾನು ಮನೆಗೆ ಬಂದಾಗ ಜಗಲಿ ತುಂಬ ಜನ. ಇವರು, ಗಂಡನ ಹೆಸರು ಹಿಡಿದು ಕರೆದು ನನಗೆ ರೂಢಿಯಿಲ್ಲ, ಆದ್ದರಿಂದ ಇವರು ಎನ್ನುತ್ತೇನೆ, ಗೋಡೆಗೊರಗಿ ಕಾಲು ಚಾಚಿ ಕೂತಿದ್ದರು. ಬಲಗೈ ಇನ್ನೂ ಜೋಮಿನಲ್ಲಿ ಜೋತುಬಿದ್ದಿತ್ತು. ಊರಿನ ಹೆರಿಗೆಗಳನ್ನೂ ಕುಡಿಕೆಗಳನ್ನೂ ನೋಡಿಕೊಳ್ಳುವ ಮುತ್ತಕ್ಕ ಮುಂದೆ ಕೂತು ಪಂಚೆಯ ಗಂಟು ಬಿಗಿಯುತ್ತಿದ್ದಳು.

"ಸಡಿಲ ಆಯ್ತಾ ಶೀನ?"

"ಉಸಿರು ಕಟ್ತದೆ ಅಕ್ಕ."

"ಕಟ್ಟಬೇಕು. ಬಸುರು ಅಂದ್ರೆ ಹಾಗೇ."

ನಾನು ಬಗ್ಗಿ ಕುಡಿಕೆಯೊಳಗೆ ನೋಡಿದೆ. ಐದು ಮರಿಗಳಿದ್ದವು, ಒಂದೊಂದೂ ಹೆಬ್ಬೆರಳಿಗಿಂತ ತುಸು ಅಗಲ. ಮೈ ಇನ್ನೂ ಬಣ್ಣ ಹಿಡಿದಿರಲಿಲ್ಲ, ಆಚೆಯದು ಈಚೆ ಕಾಣುವಂತಿತ್ತು. ಹೊಟ್ಟೆಯಡಿಯಿಂದ ಎಳೆಯೊಂದರಲ್ಲಿ ಹಳದಿ ಚೀಲ ಜೋತಿತ್ತು. ಕಿವಿರಿನ ಸೀಳುಗಳಿಂದ ಕೆಂಪು ನೂಲಿನಂಥವು ಹೊರಬಂದು ನೀರಲ್ಲಿ ಅಲ್ಲಾಡುತ್ತಿದ್ದವು. ಅಲ್ಲಿ ನಿಲ್ಲಲಾಗದೆ ಒಳಗೆ ಹೋಗಿ ಸುಮ್ಮನೆ ಪಾತ್ರೆ ತೊಳೆದೆ.

"ತೀರ ಎಳೆಯವು," ಮುತ್ತಕ್ಕ ಜಗಲಿಯಲ್ಲಿ ಹೇಳುತ್ತಿದ್ದಳು. "ಪೌಲುವಿನದ್ದೆಲ್ಲ ದಿನ ತುಂಬ್ಲಿಕ್ಕೆ ಬಂದದ್ದು. ಇವು ಅರ್ಧವೂ ಆಗಲಿಲ್ಲ. ಬದುಕಿದ್ರೆ ಪುಣ್ಯ."

ಜನ ಹೋದ ಮೇಲೆ ನಾನು ಕೇಳಿದೆ. ಇವರು ಕಡಿಮೆ ಮಾತಿನವರು, ಹೇಳಿದ್ದು ಇಷ್ಟು. ಮರಳು ದಿಬ್ಬದ ಹತ್ತಿರ ಮೀನಿನ ಹಿಂಡು ಕಂಡಿತು, ಬಲೆ ಬೀಸಿದರು. ಎಳೆದಾಗ ಭಾರ. ತೊರಕೆಯೆಂದು ಗೊತ್ತಾಗುವಷ್ಟರಲ್ಲಿ ದೋಣಿಯೊಳಗೆ ಬಂದಾಗಿತ್ತು.

"ಅಲ್ಲೇ ನೀರಿಗೆ ಬಿಡ್ಬೇಕಿತ್ತಲ್ಲ?"

"ಬಿಡುವಾ ಅಂತಲೇ ಹಿಡ್ದದ್ದು. ಜೋಮು ಹೊಡೀತು. ಬೆರಳು ಬಿಚ್ಚಲಿಕ್ಕೇ ಆಗ್ಲಿಲ್ಲ ಮಾರಾಯ್ತಿ. ನನ್ನ ಕೈಯಲ್ಲಿದ್ದ ಹಾಗೇ ಎಲ್ಲ ಉದುರಿತು." ಜೋತುಬಿದ್ದ ಕೈಯನ್ನು ಇನ್ನೊಂದು ಕೈಯಲ್ಲಿ ತಿಕ್ಕುತ್ತ, "ತಾಯಿಯನ್ನು ಬಿಟ್ಟೆ. ನೀರಲ್ಲಿ ಅಲ್ಲೇ ಸುತ್ತು ಹಾಕ್ತಾ ಇತ್ತು" ಅಂದರು.

ಮರುದಿನದಿಂದ ನಮ್ಮ ಮನೆಯಲ್ಲಿ ಬಸುರಿ ಮನೆಯ ಠೀವಿ ಶುರುವಾಯಿತು. ಕುಡಿಕೆ ಕಟ್ಟಿದ ಗಂಡಸಿಗೆ ಏನೇನು ಆಗುತ್ತದೆ ಎಂದು ಊರಿಗೆ ಗೊತ್ತು. ವಾರದೊಳಗೆ ಇವರಿಗೆ ಒಣಮೀನಿನ ವಾಸನೆ ಆಗದಾಯಿತು. ಇಡೀ ಊರೇ ಒಣಮೀನು ನಾರುವಾಗ ಇವರು ಮೂಗಿಗೆ ನಿಂಬೆಸಿಪ್ಪೆ ಹಿಡಿದು ಕೂರುವುದು! ಪಾದ ಊದಿತು. ಬೆಳಿಗ್ಗೆ ಎದ್ದರೆ ವಾಂತಿ. ಮಧ್ಯಾಹ್ನವಾದರೆ ಹುಣಸೆಹಣ್ಣಿನ ಚಪಲ. ಕಡಲಿಗೆ ಹೋಗುವಂತಿಲ್ಲ, ದೋಣಿ ಎಳೆಯುವಂತಿಲ್ಲ, ಮಗ್ಗುಲು ಬದಲಿಸಲೂ ಇನ್ನೊಬ್ಬರ ಕೈ ಬೇಕು. ಬೀದಿಯ ಹೆಂಗಸರು ಸರದಿಯಂತೆ ಬಯಕೆಯ ಅಡುಗೆ ತಂದರು. ಒಬ್ಬಳು ಪತ್ರೊಡೆ, ಒಬ್ಬಳು ಹಾಲುಬಾಯಿ, ಇನ್ನೊಬ್ಬಳು ಕಾಯಿಹಾಲಿನ ಪಾಯಸ. "ಶೀನಣ್ಣ, ಚೆನ್ನಾಗಿ ತಿನ್ನಿ, ಈಗ ನೀವು ಒಬ್ರಲ್ಲ" ಎಂದು ಹೇಳುವಾಗ ಅವರ ದನಿಯಲ್ಲಿ ಎಷ್ಟು ಅಕ್ಕರೆ! ಕಟ್ಟೆಯ ಗಂಡಸರು ಬಂದು ಸೊಂಟನೋವಿಗೆ ಹೇಗೆ ಒರಗಬೇಕು, ಕೆಮ್ಮುವಾಗ ಕುಡಿಕೆ ಹೇಗೆ ಹಿಡಿಯಬೇಕು ಎಂದು ಪಾಠ ಹೇಳಿ ಹೋದರು. ಪೌಲು ದಿನಾ ಬಂದು, "ಹೊಟ್ಟೆ ಮುಂದೆ ಬಂದದ್ದು ನೋಡಿದ್ರೆ ಗಂಡೇ" ಎಂದು ರೇಗಿಸುತ್ತಿದ್ದ.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ, ನನ್ನ ಬಾಯಿ ಸ್ವಲ್ಪ ಜಾಸ್ತಿ ಎಂದು ಊರಿಗೇ ಗೊತ್ತು, ಆದರೆ ಆ ದಿನಗಳಲ್ಲಿ ನಾನು ಆಡಿದ್ದಕ್ಕಿಂತ ನುಂಗಿದ್ದೇ ಹೆಚ್ಚು. ಯಾಕೆಂದರೆ ನಾನೂ ಎರಡು ಸಲ ಬಸುರಾಗಿದ್ದೆ. ಮೊದಲನೆಯದು ಆರು ವರ್ಷದ ಹಿಂದೆ, ಆರನೇ ತಿಂಗಳಲ್ಲಿ ಹೋಯಿತು. ಎರಡನೆಯದು ಹೊಟ್ಟೆ ಕಾಣಿಸುವ ಮೊದಲೇ. ಮೊದಲನೆಯದನ್ನು ಯಾರೋ ಹಳೆಬಟ್ಟೆಯಲ್ಲಿ ಸುತ್ತಿ ಕೊಂಡುಹೋದರು, ಎಲ್ಲಿಗೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಇದೇ ಮುತ್ತಕ್ಕ ನನ್ನ ತಲೆ ಸವರಿ, "ಅಳಬೇಡ, ಅತ್ರೆ ಮುಂದಿನದ್ದಕ್ಕೆ ಒಳ್ಳೇದಲ್ಲ" ಅಂದಿದ್ದಳು. ಇವರು ಕಡಲಿಂದ ಬಂದು, ಜಗಲಿಯಲ್ಲಿ ಕೂತು, ಹರಿದ ಬಲೆ ಹೊಲಿದರು. ಕತ್ತಲಾಗುವ ಹೊತ್ತಿಗೆ ಒಳಗೆ ಇಣುಕಿ "ಊಟ ಆಯ್ತಾ?" ಎಂದು ಕೇಳಿದರು. ಆಯಿತು ಅಂದೆ. ಆಗಿರಲಿಲ್ಲ. ಆ ವಾರ ಮುಗಿಯುವ ಮೊದಲೇ ನಾನು ಕಣದಲ್ಲಿ ಮೀನು ಮಗುಚುತ್ತಿದ್ದೆ. ಎರಡನೆಯ ಸಲ ಅಷ್ಟೂ ಇಲ್ಲ. ಯಾರೂ ಪಾಯಸ ತರಲಿಲ್ಲ. ಮೀನಿನ ಮರಿಗಾದರೆ ಕಟ್ಟಳೆ ಉಂಟು, ನಮ್ಮದಕ್ಕೆ ಯಾವುದೂ ಇರಲಿಲ್ಲ.

ಹಾಗಂತ ನಾನು ಕೆಲಸ ಬಿಡಲಿಲ್ಲ. ಕುಡಿಕೆಯ ನೀರು ಹಳಸಬಾರದು. ಬೆಳಿಗ್ಗೆ ಸಂಜೆ ಉಬ್ಬರದ ನೀರು ನಾನೇ ಹೊತ್ತು ತರುತ್ತಿದ್ದೆ. ತರುವುದು, ಜಗಲಿಯ ಮೇಲೆ ದಡಕ್ಕನೆ ಇಡುವುದು, ಒಳಗೆ ಹೋಗುವುದು. ಕುಡಿಕೆಯೊಳಗೆ ಮಾತ್ರ ನೋಡುತ್ತಿರಲಿಲ್ಲ. ಇನ್ನೊಂದು ಸಾಯುವುದನ್ನು ನೋಡುವ ಶಕ್ತಿ ನನಗಿರಲಿಲ್ಲ. ಯಾವುದರ ಮರಿಯಾದರೂ ಆಗಲಿ, ಮೂರನೆಯ ಸಲ ನನ್ನಿಂದಾಗದು ಎಂದು ನನಗೆ ಗೊತ್ತಿತ್ತು.

ಅವು ಸತ್ತವು. ಮೊದಲು ಎರಡು ಒಟ್ಟಿಗೆ, ಆಮೇಲೆ ಒಂದು, ಕೆಲವು ದಿನ ಬಿಟ್ಟು ಇನ್ನೊಂದು. ಸತ್ತ ಮರಿಯನ್ನು ತೆಂಗಿನ ಗೆರಟೆಯಲ್ಲಿಟ್ಟು ಇಳಿತದ ನೀರಿನಲ್ಲಿ ತೇಲಿಬಿಡುವುದು ನಮ್ಮಲ್ಲಿನ ರೂಢಿ. ಹೊತ್ತವನೇ ಬಿಡಬೇಕು. ಮೊದಲ ಸಲ ಹೋಗುವಾಗ ಪೌಲು ಜೊತೆಗೆ ಹೋಗಿದ್ದ. ನಾಲ್ಕನೆಯದಕ್ಕೆ ಇವರು ಯಾರನ್ನೂ ಕರೆಯದೆ ಒಬ್ಬರೇ ಹೋದರು. ಕುಡಿಕೆ ಕಟ್ಟಿದ ಹೊಟ್ಟೆಯ ಮೇಲೊಂದು ಕೈ, ಗೆರಟೆ ಹಿಡಿದದ್ದೊಂದು ಕೈ. ಮನೆಗೆ ಬಂದು ಗೋಡೆಗೆ ಮುಖ ಮಾಡಿ ಕೂತರು. ನಾನು ಬಾಗಿಲಲ್ಲಿ ನಿಂತು, ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ.

"ಊಟ ಆಯ್ತಾ?"

ಅವರು ತಿರುಗಿ ನನ್ನನ್ನು ನೋಡಿದರು. ಆ ಪ್ರಶ್ನೆಯನ್ನು ಹಿಂದೆ ಯಾರು, ಯಾವಾಗ ಕೇಳಿದ್ದು ಎಂದು ಅವರಿಗೆ ನೆನಪಾದದ್ದು ಮುಖದಲ್ಲಿ ಕಂಡಿತು. ನಾನು ಒಳಗೆ ಬಂದೆ. ಗೆದ್ದೆನೆಂಬ ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಗಂಜಿ ಬಡಿಸಿ ತಟ್ಟೆ ಮುಂದಿಟ್ಟೆ, ಇಬ್ಬರೂ ಉಂಡೆವು.

ಉಳಿದದ್ದು ಒಂದೇ ಮರಿ. ಅದು ಗಟ್ಟಿಯಿತ್ತು, ಮೈಗೆ ಮರಳಿನ ಬಣ್ಣ ಬರತೊಡಗಿತ್ತು. ಕಿವಿರಿನ ಕೆಂಪು ಎಳೆಗಳು ಒಳಗೆ ಸರಿದವು. ಹಳದಿ ಚೀಲ ದಿನದಿಂದ ದಿನಕ್ಕೆ ಕುಗ್ಗಿ, ಒಂದು ದಿನ ಮೆಣಸಿನ ಕಾಳಿನಷ್ಟಾಯಿತು. ಕಷ್ಟ ಶುರುವಾದದ್ದೇ ಆಗ. ಚೀಲ ಇರುವವರೆಗೆ ಮರಿ ಅದನ್ನೇ ಉಣ್ಣುತ್ತದೆ. ಅದು ಮುಗಿದ ಮೇಲೆ ತಾಯಿಯ ಗರ್ಭದ ಒಳಗೋಡೆಯಿಂದ ಹಾಲಿನಂಥದ್ದು ಒಸರುತ್ತದೆ, ದಿನ ತುಂಬುವವರೆಗೆ ಅದೇ ಊಟ. ಕುಡಿಕೆಯಲ್ಲಿ ಬೆಳೆಯುವ ಮರಿಗಳಿಗೆ ಆ ಹಾಲು ಎಲ್ಲಿಂದ ಬರಬೇಕು? ಹೆಚ್ಚಿನವರ ಮರಿಗಳು ದಿನ ತುಂಬುತ್ತ ಬಂದವಾದ್ದರಿಂದ ಆ ಚಿಂತೆ ಇರಲಿಲ್ಲ. ನಮ್ಮದಕ್ಕೆ ಇನ್ನೂ ತಿಂಗಳುಗಳು ಬಾಕಿಯಿದ್ದವು.

ಬೀದಿಯವರೆಲ್ಲ ಒಂದೊಂದು ಹೇಳಿದರು. ಏಡಿ ಬೇಯಿಸಿದ ನೀರು ಹಾಕು ಎಂದು ಒಬ್ಬಳು, ಕಾಯಿಹಾಲು ಎಂದು ಇನ್ನೊಬ್ಬಳು. ಎರಡೂ ಸೇರಿಸಿ ಕೆನೆ ಹಾಕು ಎಂದು ಪೌಲುವಿನ ಹೆಂಡತಿ. ಮುತ್ತಕ್ಕ ಏಡಿಯ ರಸಕ್ಕೆ ಮೊದಲ ಕಾಯಿಹಾಲು ಸೇರಿಸಿ ತಾನೇ ಕಲಸಿದಳು. ಇವರು ಹತ್ತಿಯ ಬತ್ತಿಯಲ್ಲಿ ತೊಟ್ಟಿಕ್ಕಿಸಿದರು, ಗರಿಕೆಯ ತುದಿಯಲ್ಲಿ ಮೂತಿಗೆ ಹಿಡಿದರು. ಅದು ಬಾಯಿ ತೆರೆಯಲಿಲ್ಲ. ಹಾಲು ನೀರಲ್ಲಿ ಕದಡಿ ನೀರು ಕೆಡುವುದು, ನಾನು ಮತ್ತೆ ಅಳಿವೆಗೆ ಓಡುವುದು. ಹೀಗೇ ನಡೆಯಿತು. ಮರಿ ಕುಡಿಕೆಯ ತಳಕ್ಕಂಟಿ, ಅಂಚು ಸುರುಟಿಕೊಂಡು ಬಿದ್ದುಕೊಂಡಿತು.

ಆ ಮಧ್ಯಾಹ್ನ ಇವರು ನನ್ನನ್ನು ಕರೆದರು. "ಗುಲಾಬಿ, ಸ್ವಲ್ಪ ಬಾ. ನನ್ನ ಬೆರಳು ದಪ್ಪ. ನಿನ್ನಿಂದ ಆಗ್ತದಾ ನೋಡು."

"ನನ್ನ ಹತ್ರ ಯಾಕೆ ಹೇಳ್ತೀರಿ? ಎರಡನ್ನು ಉಳಿಸ್ಲಿಕ್ಕೆ ಆಗದವಳು ನಾನು."

ಮುತ್ತಕ್ಕ ಜಗಲಿಯ ತುದಿಯಲ್ಲಿ ಕೂತಿದ್ದವಳು ತಲೆ ತಗ್ಗಿಸಿದಳು. ಇವರು ಕುಡಿಕೆಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡೇ, "ಇದು ಹೋದ್ರೆ ನಾನು ಹ್ಯಾಗೆ ಏಳುದು ಅಂತ ಗೊತ್ತಾಗುದಿಲ್ಲ" ಅಂದರು. ನನಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ. ಕಡಲಲ್ಲಿ ದೋಣಿ ಮಗುಚಿ ಇಡೀ ಹಗಲು ಹಲಗೆ ಹಿಡಿದು ತೇಲಿ ಬಂದವರು ಇವರು, ಆಗಲೂ ಇಂಥ ಮಾತಾಡಿರಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತೆ. ಮೊದಲ ದಿನದ ನಂತರ ಅವತ್ತೇ ಕುಡಿಕೆಯೊಳಗೆ ನೋಡಿದ್ದು. ಕಣ್ಣೆರಡು ಸಾಸಿವೆಯಷ್ಟು. ನನ್ನನ್ನೇ ನೋಡುತ್ತಿತ್ತು.

"ಒಳಗೆ ಹೇಗಿರ್ತದೆ ಅಕ್ಕ?" ಎಂದು ಮುತ್ತಕ್ಕನನ್ನು ಕೇಳಿದೆ. "ತಾಯಿಯ ಹೊಟ್ಟೆಯೊಳಗೆ?"

"ಒಮ್ಮೆ ನೋಡಿದ್ದೆ, ದಡಕ್ಕೆ ಬಿದ್ದು ಸತ್ತ ಬಸುರಿಯದ್ದು. ಗೋಡೆ ತುಂಬ ನೂಲು ನೂಲು, ಮೆತ್ತಗೆ. ಆ ನೂಲಿನಿಂದಲೇ ಹಾಲು ಒಸರುದು. ಮರಿ ಅದರ ನಡುವೆ ಸುತ್ತಿಕೊಂಡು ಇರ್ತದೆ. ಅಲ್ಲಿ ಯಾರೂ ಅದಕ್ಕೆ ಬಾಯಿಗಿಟ್ಟು ಕುಡಿಸುದಿಲ್ಲ."

ನೂಲು. ನಾನು ಎದ್ದು ಒಳಗೆ ಹೋದೆ. ನನ್ನ ಪೆಟ್ಟಿಗೆಯ ತಳದಲ್ಲಿ, ಮದುವೆಯ ಸೀರೆಯ ಕೆಳಗೆ, ಒಂದು ಪುಟ್ಟ ಹಾಸು ಇತ್ತು. ಮೊದಲನೆಯದು ಹೊಟ್ಟೆಯಲ್ಲಿದ್ದಾಗ ನನ್ನ ಅಮ್ಮನ ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹೊಲಿದದ್ದು. ಒಗೆದು ಒಗೆದು ಸೀರೆ ಎಷ್ಟು ಮೆತ್ತಗಾಗಿತ್ತೆಂದರೆ ಕೈಯಲ್ಲಿ ಹಿಡಿದರೂ ಹಿಡಿದಂತೆ ಅನ್ನಿಸುತ್ತಿರಲಿಲ್ಲ. ಅದನ್ನು ಯಾರಿಗೂ ತೋರಿಸಿರಲಿಲ್ಲ. ವರ್ಷಕ್ಕೊಮ್ಮೆ ತೆಗೆದು ಬಿಸಿಲಿಗೆ ಹಿಡಿದು ಮತ್ತೆ ಒಳಗಿಡುತ್ತಿದ್ದೆ. ಇವತ್ತು ತೆಗೆದವಳೇ ಕತ್ತರಿಯಿಂದ ನಡುವಿಗೆ ಸೀಳಿದೆ. ಜಗಲಿಯಲ್ಲಿ ಕೂತು, ಬಟ್ಟೆಯ ಅಡ್ಡನೂಲುಗಳನ್ನು ಒಂದೊಂದಾಗಿ ಎಳೆದೆ. ಉದ್ದನೂಲುಗಳು ಜೊಂಪೆ ಜೊಂಪೆಯಾಗಿ ಉಳಿದವು. ಅದನ್ನು ಮುತ್ತಕ್ಕನ ಹಾಲಿನಲ್ಲಿ ನೆನೆಸಿ ಹಿಂಡಿ, ಕುಡಿಕೆಯ ಒಳಗೋಡೆಗೆ ಸುತ್ತಲೂ ಹಾಸಿದೆ. ಮರಿಯನ್ನು ಬೊಗಸೆಯಲ್ಲಿ ಎತ್ತಿ ನಡುವೆ ಬಿಟ್ಟೆ. ನೂಲುಗಳು ಅದರ ಮೈಮೇಲೆ ಮಲಗಿದವು.

ಇವರು ಬಟ್ಟೆಯನ್ನೇ ನೋಡುತ್ತಿದ್ದರು. "ಇದು ಯಾವಾಗಿನದ್ದು?"

"ಮೊದಲನೆಯದಕ್ಕೆ ಹೊಲಿದದ್ದು."

ಅವರು ಉಳಿದರ್ಧ ಬಟ್ಟೆಯನ್ನು ಎತ್ತಿಕೊಂಡರು. ಮಗುಚಿ ನೋಡಿದರು. ಮೂಲೆಯಲ್ಲಿ ನಾನು ಕೆಂಪು ದಾರದಲ್ಲಿ ಹಾಕಿದ್ದ ಪುಟ್ಟ ಮೀನಿನ ಮೇಲೆ ಹೆಬ್ಬೆರಳು ಆಡಿಸಿದರು. ಆ ಬೆರಳು ಬಹಳ ಹೊತ್ತು ಅಲ್ಲೇ ಇತ್ತು. "ಇಷ್ಟು ದಿನ ಎಲ್ಲಿತ್ತು?" ಎಂದು ಕೇಳಿದರು. ಪೆಟ್ಟಿಗೆಯಲ್ಲಿ ಎಂದೆ. "ನಾನು ನೋಡ್ಲೇ ಇಲ್ಲ" ಅಂದರು. ನೀವು ಕೇಳಲಿಲ್ಲ ಎನ್ನಬೇಕೆಂದಿದ್ದೆ. ಅವರ ಕಣ್ಣು ನೋಡಿ ಬಿಟ್ಟೆ.

ಎರಡನೆಯ ದಿನ ಮರಿಯ ಸುರುಟಿದ ಅಂಚು ಬಿಚ್ಚಿಕೊಂಡಿತು. ಆಮೇಲೆ ನೂಲುಗಳ ನಡುವೆ ತಿರುಗತೊಡಗಿತು, ಮಗ್ಗುಲು ಬದಲಿಸುವವರ ಹಾಗೆ. ಬಾಯಿಂದ ಕುಡಿಯಿತೋ ಮೈಯಿಂದ ಹೀರಿತೋ ನಮಗೆ ಕಾಣಲಿಲ್ಲ, ಹಾಲು ಮಾತ್ರ ಕಡಿಮೆಯಾಗುತ್ತಿತ್ತು. ಮುತ್ತಕ್ಕ ಬಂದು ನೋಡಿ, ಕುಡಿಕೆಗೆ ಕೈಮುಗಿದು ಹೊರಟಳು. ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಬಟ್ಟೆ ತೊಳೆದು ಹಾಲಲ್ಲಿ ಅದ್ದಿ ಹಾಸುವುದು ನನ್ನ ಕೆಲಸವಾಯಿತು. ಒಂದು ಅರ್ಧ ಒಣಗುವಾಗ ಇನ್ನೊಂದು ಅರ್ಧ ಕುಡಿಕೆಯಲ್ಲಿ. ಹಾಗಾಗಿ ಎರಡರ್ಧವೂ ನೂಲಾಯಿತು. ಕೆಂಪು ಮೀನಿದ್ದ ಮೂಲೆಯನ್ನು ಮಾತ್ರ ಇವರು ಕತ್ತರಿಸಿ ತಮ್ಮ ಕಿಸೆಯಲ್ಲಿಟ್ಟುಕೊಂಡರು.

ಕಟ್ಟೆಯ ಗಂಡಸರು ಈಗ ಬಂದರೆ ಇವರಿಗೆ ಪಾಠ ಹೇಳುವ ಧೈರ್ಯ ಮಾಡುತ್ತಿರಲಿಲ್ಲ. ಇಷ್ಟು ದಿನ ಹೊತ್ತವರು ಅವರಲ್ಲಿ ಯಾರೂ ಇರಲಿಲ್ಲ. ಪೌಲು ಕುಡಿಕೆಯೊಳಗೆ ಇಣುಕಿ, ಮರಿಯ ಬಾಲದ ಬುಡದಲ್ಲಿ ಗಂಡುಮರಿಗೆ ಇರುವ ಎರಡು ಕಡ್ಡಿಯಂಥವು ಉಂಟೋ ಎಂದು ಹುಡುಕಿ, ಇಲ್ಲದ್ದು ನೋಡಿ, "ಹೆಣ್ಣು ಮಾರಾಯ! ನಾನು ಸೋತೆ" ಅಂದ. ಇವರು ನಕ್ಕರು. ಆ ನಗುವನ್ನು ನಾನು ಎಷ್ಟೋ ಕಾಲದಿಂದ ನೋಡಿರಲಿಲ್ಲ, ಅಡುಗೆಮನೆಯಿಂದ ಹಣಕಿ ನೋಡಿದೆ.

ಮೊದಲ ಜೋಮು ಹೊಡೆದದ್ದು ನನಗೆ. ಎಂದಿನಂತೆ ಬಟ್ಟೆ ತೆಗೆಯಲು ಕುಡಿಕೆಯೊಳಗೆ ಕೈ ಹಾಕಿದ್ದೆ. ಮರಿ ಈಗ ನನ್ನ ಅಂಗೈಯಷ್ಟಗಲವಿತ್ತು. ಬೆರಳಿಗೆ ತಾಗಿತು, ಮರುಕ್ಷಣ ಮುಷ್ಟಿಯಿಂದ ಮೊಣಕೈಗೆ ಜುಮ್ಮೆಂದು ಏರಿತು. "ಅಯ್ಯೋ!" ಎಂದು ಕಿರುಚಿ ಕೈ ಎಳೆದುಕೊಂಡೆ. ಇವರು ಗಾಬರಿಯಿಂದ ಎದ್ದರು. ಜೋತುಬಿದ್ದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಅಳುತ್ತಿದ್ದೆ, ನಗುತ್ತಲೂ ಇದ್ದೆ.

"ಹೊಡೀತಾ?"

"ಹೊಡೀತು! ನೀವೂ ಹಾಕಿ, ನೀವೂ ಹಾಕಿ ನೋಡಿ!"

ಅವರು ಕೈ ಹಾಕಿದರು. ಭುಜ ಅದುರಿತು. 'ಆಹಾ' ಎಂದರು, ಬಹಳ ದಿನ ಬಾಯಾರಿದವರು ನೀರು ಕುಡಿದ ಮೇಲೆ ಅನ್ನುವ ಹಾಗೆ. ಮತ್ತೊಮ್ಮೆ ಹಾಕಿದರು. ಮೂರನೆಯ ಸಲಕ್ಕೆ ನಾನೇ ಕೈ ಹಿಡಿದು ತಡೆದೆ. ಇಬ್ಬರ ಕೈಯೂ ಜೋಮು ಹಿಡಿದಿತ್ತು, ಯಾವುದು ಯಾರದೆಂದು ತಿಳಿಯದಷ್ಟು. ಸ್ವಲ್ಪ ಹೊತ್ತಾದ ಮೇಲೆ ಇವರು ತಗ್ಗಿದ ದನಿಯಲ್ಲಿ ಕೇಳಿದರು.

"ಅದೂ ಹೀಗೇ ಒದೀತಿತ್ತಾ? ಮೊದಲನೆಯದು?"

"ಒದೀತಿತ್ತು. ನೀವು ಕಡಲಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ರೆ ಸಾಕು, ಆ ಸದ್ದಿಗೆ ಒದೀತಿತ್ತು."

ಅವರು ಮುಖ ಮುಚ್ಚಿಕೊಂಡರು. ಬೆರಳ ಸಂದಿಯಿಂದ ನೀರು ಇಳಿದು ಕುಡಿಕೆಯ ಬಟ್ಟೆಯ ಮೇಲೆ ಬಿತ್ತು. ಅವರನ್ನು ಅಳಬೇಡಿ ಎಂದು ನಾನು ಹೇಳಲಿಲ್ಲ. ಅಳಲಿ ಎಂದೇ ಬಿಟ್ಟೆ.

ಮರುದಿನ ಬೆಳಿಗ್ಗೆ ಉಬ್ಬರ ತುಂಬಿದಾಗ ಮರಿ ಬಿಡಲು ಹೋದೆವು. ಊರಿನವರು ಬಂದಿದ್ದರು. ಇವರು ಎದೆಮಟ್ಟ ನೀರಿಗಿಳಿದು, ಪಂಚೆಯ ಗಂಟು ಬಿಚ್ಚಿ, ಕುಡಿಕೆಯನ್ನು ನೀರಿನೊಳಗೇ ಓರೆ ಮಾಡಿದರು. ದಡದಲ್ಲಿದ್ದ ನಮಗೆ ಏನೂ ಕಾಣಲಿಲ್ಲ. ಅವರು ಮಾತ್ರ ಬಹಳ ಹೊತ್ತು ಬಗ್ಗಿ ನೋಡುತ್ತ ನಿಂತಿದ್ದರು. ಬರಿಹೊಟ್ಟೆಯಲ್ಲಿ ಹಿಂದಿರುಗಿ ಬರುವಾಗ ಅವರ ನಡಿಗೆ ಬೇರೆಯೇ ಆಗಿತ್ತು. ಆ ನಡಿಗೆ ಹೇಗಿರುತ್ತದೆಂದು ನನಗೆ ಗೊತ್ತು, ನೋಡಲಾಗದೆ ಕಣ್ಣು ಬೇರೆ ಕಡೆ ಹಾಯಿಸಿದೆ.

ದಡದಲ್ಲಿ ಮುತ್ತಕ್ಕ, ಬಾಣಂತಿ ಸ್ನಾನಕ್ಕೆ ಹಾಕುವ ನೆಕ್ಕಿಸೊಪ್ಪು ಹಾಕಿ ಕುದಿಸಿದ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಹೆತ್ತು ಬಂದವನ ಕಾಲಿಗೆ ಬಿಸಿನೀರು ಹೊಯ್ಯುವುದು ಕಟ್ಟಳೆ. ಹೆತ್ತ ತೊರಕೆ ಮರುವರ್ಷ ಬಸುರಾಗದೆ ಸುಮ್ಮನೆ ತಿಂದು ಮಲಗಿ ಸುಧಾರಿಸಿಕೊಳ್ಳುತ್ತದೆ. ಹಾಗೆ ಹೊತ್ತವನಿಗೂ ಒಂದು ವರ್ಷ ಭಾರದ ಕೆಲಸ ಇಲ್ಲ ಎಂಬುದರ ಗುರುತು ಆ ನೀರು. ಅದಕ್ಕೆ ಮೊದಲು ಎಷ್ಟು ಹೊತ್ತೆ ಎಂದು ಕೇಳುತ್ತಾರೆ. ಬದುಕಿದ್ದು ಮಾತ್ರವಲ್ಲ, ಹೋದದ್ದನ್ನೂ ಸೇರಿಸಿ ಎಲ್ಲರ ಮುಂದೆ ಗಟ್ಟಿಯಾಗಿ ಹೇಳಬೇಕು.

"ಎಷ್ಟು ಹೊತ್ತೆ ಶೀನ?" ಎಂದು ಮುತ್ತಕ್ಕ ಕೇಳಿದಳು.

"ಏಳು."

ಬಗ್ಗಿಸಿದ ತಂಬಿಗೆಯನ್ನು ಅವಳು ನೆಟ್ಟಗೆ ಮಾಡಿದಳು. "ಐದಲ್ವಾ? ನಾನೇ ಕಟ್ಟಿದ್ದಲ್ಲ?"

"ತೊರಕೆಯದ್ದು ಐದು. ನಮ್ಮ ಮನೆಯದ್ದು ಎರಡು."

ಯಾವಾಗಲೂ ಏನಾದರೊಂದು ಸೇರಿಸುವ ಪೌಲು ತನ್ನ ಪಾದ ನೋಡುತ್ತ ನಿಂತ. ಹಿಂದಿನಿಂದ ಯಾರೋ ಮುದುಕ, "ಅದು ನೀನು ಹೊತ್ತದ್ದಲ್ಲವಲ್ಲ ತಮ್ಮಾ" ಅಂದ.

"ಅಲ್ಲ. ಅವಳು ಹೊತ್ತದ್ದು," ಎಂದರು ಇವರು. "ಎಷ್ಟು ಹೊತ್ತೆ ಅಂತ ಅವಳನ್ನು ಯಾರೂ ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ಅದಕ್ಕೆ ನಾನು ಹೇಳಿದ್ದು." ಕಿಸೆಯಿಂದ ಕೆಂಪು ಮೀನಿನ ಬಟ್ಟೆಯ ತುಂಡು ತೆಗೆದು ಅಂಗೈಯಲ್ಲಿ ಹಿಡಿದುಕೊಂಡಿದ್ದರು.

ಮುತ್ತಕ್ಕ ಇವರ ಕಾಲಿಗೆ ಅರ್ಧ ತಂಬಿಗೆ ಹೊಯ್ದಳು. ಆಮೇಲೆ ಮುಖವೆತ್ತಿ ಜನರ ನಡುವೆ ನನ್ನನ್ನು ಹುಡುಕಿದಳು.

"ಗುಲಾಬಿ, ಬಾ ಇಲ್ಲಿ."

"ಬೇಡ ಅಕ್ಕ. ಈಗ ಎಂತಕ್ಕೆ?"

"ಬಾ ಮಗಾ. ಕಾಲು ಮುಂದೆ ಮಾಡು."

ನಾನು ಹೋಗಿ ಇವರ ಪಕ್ಕದಲ್ಲಿ, ಒದ್ದೆ ಮರಳಿನ ಮೇಲೆ ನಿಂತು, ಸೀರೆಯ ನೆರಿಗೆ ತುಸು ಎತ್ತಿ ಹಿಡಿದೆ.

"ಎಷ್ಟು ಹೊತ್ತೆ?" ಎಂದು ಮುತ್ತಕ್ಕ ಎಲ್ಲರಿಗೂ ಕೇಳುವಂತೆ ಕೇಳಿದಳು.

ಬಾಯಿ ಜೋರು ಎಂದು ಹೆಸರಾದ ನನಗೆ ಒಂದು ಮಾತು ಹೊರಡಿಸಲು ಅಷ್ಟು ಹೊತ್ತು ಹಿಡಿಯಿತು. "ಎರಡು" ಎಂದೆ.

ಅವಳು ತಂಬಿಗೆ ಬಗ್ಗಿಸಿದಳು. ಆರು ವರ್ಷ ತಡವಾಗಿ ಬಂದ ನೀರು, ಆದರೂ ಬಿಸಿಯಾಗಿಯೇ ಇತ್ತು.